ಬಿ ಖಾತಾ ಸಂತೋಷ

ಬೆಳ್ಳಂದೂರು ಕೆರೆಗೂ ಸ್ಟಾರ್ ಇದೆ. 2018ರ ಜನವರಿಯಲ್ಲಿ ಹೊತ್ತಿ ಉರಿದು, ಅಗ್ನಿಶಾಮಕದವರು ಸಾಲದೆ ಸೈನಿಕರೂ ಬಂದು ಆರಿಸಬೇಕಾಯಿತಲ್ಲ, ಅದೇ ಕೆರೆ. ಮೊಬೈಲಿನಲ್ಲಿ ನಕ್ಷೆ ತೆರೆದು ಬೆರಳಿಟ್ಟರೆ ಹೆಸರಿನ ಕೆಳಗೆ ಹಳದಿ ಸ್ಟಾರ್‌ಗಳು ಸಾಲಾಗಿ ನಿಂತಿರುತ್ತವೆ. ಪೊಲೀಸ್ ಠಾಣೆಗೂ ಇವೆ, ಚಿತಾಗಾರಕ್ಕೂ ಇವೆ. ಚಿತಾಗಾರದ ಸೇವೆಯನ್ನು ಪೂರ್ತಿಯಾಗಿ ಪಡೆದವರು ಅಂಕ ಕೊಡಲು ಹೇಗೆ ಹಿಂದಿರುಗಿದರು ಎಂದು ಈವರೆಗೆ ಯಾರೂ ಕೇಳಿದಂತಿಲ್ಲ. ದರ್ಶಿನಿಯಲ್ಲಿ ಇಡ್ಲಿ ವಡೆ ಬಾಯಿಗೆ ಹೋಗುವ ಮೊದಲೇ ಗಲ್ಲಾಪೆಟ್ಟಿಗೆಯ ಪಕ್ಕದ ಕ್ಯೂಆರ್ ಕೋಡ್ ‘ನಮ್ಮನ್ನು ಮೆಚ್ಚಿಕೊಳ್ಳಿ’ ಎಂದು ಕೈ ಚಾಚುತ್ತದೆ. ನಲ್ಲಿ ರಿಪೇರಿಗೆ ಬಂದವನು ಸೋರಿಕೆ ನಿಲ್ಲಿಸಿದನೋ ಇಲ್ಲವೋ, ‘ಐದು ಸ್ಟಾರ್ ಒತ್ತಿಬಿಡಿ ಸಾರ್, ನಾಲ್ಕು ಕೊಟ್ಟರೆ ನನಗೆ ಕೆಲಸ ಬರುವುದಿಲ್ಲ’ ಎಂದು ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಾನೆ. ಅಲ್ಲಿಗೆ ಎರಡು ಕಡೆ ಸೋರಿದಂತಾಗುತ್ತದೆ.

ನಗರಕ್ಕೂ ಅಂಕ ಬಿದ್ದಿದೆ. ಟಾಮ್‌ಟಾಮ್ ಸಂಸ್ಥೆಯ 2019ರ ಲೆಕ್ಕದಲ್ಲಿ ಜಗತ್ತಿನ 416 ನಗರಗಳ ಪೈಕಿ ಸಂಚಾರ ದಟ್ಟಣೆಯಲ್ಲಿ ಬೆಂಗಳೂರಿಗೆ ಮೊದಲ ಸ್ಥಾನ. ದಟ್ಟಣೆ ಶೇ 71, ಅಂದರೆ ಖಾಲಿ ರಸ್ತೆಯಲ್ಲಿ ಹಿಡಿಯುವುದಕ್ಕಿಂತ ಅಷ್ಟು ಹೆಚ್ಚು ಹೊತ್ತು. ಕೇಂದ್ರ ಸರ್ಕಾರದ 2020ರ ಸುಗಮ ಜೀವನ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ಅದೇ ಬೆಂಗಳೂರಿಗೆ ಮತ್ತೆ ಮೊದಲ ಸ್ಥಾನ. ಒಂದೇ ವಿದ್ಯಾರ್ಥಿ ಗಣಿತದಲ್ಲಿಯೂ ಗಣಿತದಲ್ಲಿ ಫೇಲಾಗುವುದರಲ್ಲಿಯೂ ರ‍್ಯಾಂಕು ಗಿಟ್ಟಿಸಿದ್ದಾನೆ. ನಾವು ಎರಡೂ ಸುದ್ದಿಯನ್ನು ಸಿಗ್ನಲ್ಲಿನಲ್ಲಿ ನಿಂತೇ ಓದಿದೆವು.

ಅಂಕವಿಲ್ಲದೆ ಹುಲ್ಲುಕಡ್ಡಿಯೂ ಅಲುಗಾಡದ ಇಂಥ ಊರಿನಲ್ಲಿ ನಾನು ನೂರಕ್ಕೆ ಐವತ್ತೂ ಬಾರದ ವಿಡಿಯೊ ಗೇಮ್ ಒಂದನ್ನು ಆಡಿ ಸಂತೋಷಪಡುತ್ತಿದ್ದೇನೆ. ಆಡುವುದನ್ನು ಜನ ಕ್ಷಮಿಸಿಯಾರು. ಸಂತೋಷಪಡುವುದನ್ನು ಕ್ಷಮಿಸುವುದಿಲ್ಲ.

ಆಟದ ಹೆಸರು ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’. 1979ರಲ್ಲಿ ರಿಡ್ಲಿ ಸ್ಕಾಟ್ ಶುರು ಮಾಡಿ, 1986ರಲ್ಲಿ ಜೇಮ್ಸ್ ಕ್ಯಾಮರಾನ್ ಬಂದೂಕು ಹಿಡಿದ ಸೈನಿಕರನ್ನು ಸೇರಿಸಿ ದೊಡ್ಡದು ಮಾಡಿದ ವೈಜ್ಞಾನಿಕ ಕಲ್ಪನೆಯ ಚಿತ್ರಸರಣಿಯನ್ನು ಆಧರಿಸಿದ್ದು. ಕಾಣೆಯಾದ ಸೈನಿಕರನ್ನು ಹುಡುಕಿಕೊಂಡು ಇನ್ನೊಂದು ತಂಡ ಅದೇ ಹಡಗಿಗೆ, ಅದೇ ಹಾಳುಬಿದ್ದ ಗ್ರಹಕ್ಕೆ ಹೋಗುತ್ತದೆ. ಗೇರ್‌ಬಾಕ್ಸ್ ಎಂಬ ಕಂಪನಿಯ ಹೆಸರಿನಲ್ಲಿ, ಸೆಗಾ ಪ್ರಕಟಣೆಯಾಗಿ 2013ರ ಫೆಬ್ರುವರಿ 12ರಂದು ಬಿಡುಗಡೆಯಾಯಿತು. ಅದಕ್ಕೆ ಮೊದಲು ಪ್ರದರ್ಶನಗಳಲ್ಲಿ ತೋರಿಸಿದ ಮಾದರಿಯಲ್ಲಿ ಬೆಳಕೇನು, ನೆರಳೇನು, ಗೋಡೆಯಿಂದ ಇಳಿದು ಬರುವ ರಾಕ್ಷಸರೇನು! ಕೊಂಡು ತಂದವರ ಮನೆಯಲ್ಲಿ ಅದರ ಅರ್ಧವೂ ಇರಲಿಲ್ಲ. ನಮ್ಮಲ್ಲಿ ಬ್ರೋಷರಿನ ಈಜುಕೊಳ ನೋಡಿ ಫ್ಲ್ಯಾಟ್ ಕೊಂಡವರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಅಮೆರಿಕದವರು ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು; 2014ರಲ್ಲಿ ಸೆಗಾ 12.5 ಲಕ್ಷ ಡಾಲರ್ ಕೊಟ್ಟು ರಾಜಿಯಾಗಲು ಒಪ್ಪಿತು. ಬಿಡುಗಡೆಯ ದಿನವೇ ಪೂರ್ತಿ ಬೆಲೆ ತೆತ್ತವರ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟಿನ ಪಾಲು ಕೇಳುವ ಅರ್ಹತೆ ನನಗಿಲ್ಲ. ಎಷ್ಟೋ ವರ್ಷಗಳ ನಂತರ, ರಿಯಾಯಿತಿ ಮಾರಾಟದಲ್ಲಿ, ಒಂದು ಮಸಾಲೆ ದೋಸೆ ಮತ್ತು ಕಾಫಿಯ ಬೆಲೆಗೆ ಕೊಂಡವನು ನಾನು.

ಆ ಬೆಲೆಗೆ ಏನು ಸಿಕ್ಕಿತು ಎಂದರೆ, ಕೈಯಲ್ಲಿ ಪಲ್ಸ್ ರೈಫಲ್. ಅದರ ಪಕ್ಕದಲ್ಲಿ ಉಳಿದ ಗುಂಡುಗಳ ಲೆಕ್ಕ ತೋರಿಸುವ ಕೆಂಪು ಅಂಕಿ. ಚಿತ್ರದಲ್ಲಿದ್ದಂಥದೇ ಚಲನೆ ಪತ್ತೆಯ ಯಂತ್ರ. ಅದನ್ನು ಎತ್ತಿ ನೋಡಬೇಕೆಂದರೆ ಬಂದೂಕು ಇಳಿಸಬೇಕು. ಟಕ್ ಟಕ್ ಎಂಬ ಸದ್ದು ಹತ್ತಿರವಾಗುತ್ತ ಹೋದಂತೆ, ಬರುವುದೇನೆಂದು ತಿಳಿದಿರಬೇಕೋ ಅಥವಾ ಬಂದದ್ದನ್ನು ಹೊಡೆಯಲು ಸಿದ್ಧವಾಗಿರಬೇಕೋ ಎಂಬ ಧರ್ಮಸಂಕಟ. ಒಂದು ಕಡೆ ಒಳಚರಂಡಿಯ ಸುರಂಗವಿದೆ. ಅಲ್ಲಿನ ಜೀವಿಗಳು ಕುರುಡು. ಸದ್ದು ಕೇಳಿದರೆ ಮಾತ್ರ ಬಂದು ಮೈಮೇಲೆ ಸಿಡಿಯುತ್ತವೆ. ಬಂದೂಕಿಲ್ಲದೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ಒಂದು ಹತ್ತಿರ ಬಂದಾಗ ಉಸಿರು ಬಿಗಿಹಿಡಿದು ನಿಲ್ಲಬೇಕು. ನಿಂತೆ. ಅಡುಗೆಮನೆಯಲ್ಲಿ ನಿಜವಾದ ಕುಕ್ಕರ್ ಕೂಗಿದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಐವತ್ತು ದಾಟಿದವನಿಗೆ ಇದಕ್ಕಿಂತ ಹೆಚ್ಚಿನ ರೋಮಾಂಚನ ವೈದ್ಯರು ಬರೆದುಕೊಡುವುದಿಲ್ಲ.

ಕುಂದುಗಳಿಲ್ಲವೆಂದಲ್ಲ. ಜೊತೆಗಾರ ಸೈನಿಕರು ಬಾಗಿಲಲ್ಲಿ ಸಿಕ್ಕಿಕೊಂಡು ಗೋಡೆಗೆ ಮುಖ ಮಾಡಿ ನಡೆಯುತ್ತಲೇ ಇರುತ್ತಾರೆ. ಇನ್ನು ಏಲಿಯನ್‌ಗಳು: ಬ್ರಹ್ಮಾಂಡದ ಅತಿ ಭಯಂಕರ ಜೀವಿ ಎಂದು ಹೆಸರಾದವು, ನೆಟ್ಟಗೆ ಎದುರಿಗೆ ಓಡಿಬಂದು, ಬಾಲ ಅಲ್ಲಾಡಿಸುತ್ತ ನಿಂತು, ‘ಹೊಡೆಯುತ್ತೀರಾ, ಆಮೇಲೆ ಬರಲಾ?’ ಎಂಬಂತೆ ಕಾಯುತ್ತವೆ. ಇಷ್ಟು ಸಭ್ಯತೆಯಿಂದ ನನ್ನ ಎದುರು ಯಾರೂ ಸಾಲಿನಲ್ಲಿ ನಿಂತದ್ದಿಲ್ಲ. ಬಿಎಂಟಿಸಿ ಬಸ್ಸಿನ ಬಾಗಿಲಲ್ಲಂತೂ ಇಲ್ಲವೇ ಇಲ್ಲ.

ಅಣ್ಣನ ಮಗ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಒಂದು ಭಾನುವಾರ ಸಹೋದ್ಯೋಗಿಗಳಿಬ್ಬರನ್ನು ಕರೆದುಕೊಂಡು ಊಟಕ್ಕೆ ಬಂದವನು ಪರದೆ ನೋಡಿ ಬಾಗಿಲಲ್ಲೇ ನಿಂತ. ‘ಚಿಕ್ಕಪ್ಪ, ಇದಕ್ಕೆ ಎಷ್ಟು ಬಂದಿದೆ ಗೊತ್ತೇ ನಿಮಗೆ?’ ಎಂದ. ಮನೆಯಲ್ಲಿ ಜ್ವರ ಬಂದವರ ಥರ್ಮಾಮೀಟರ್ ನೋಡುವಾಗ ಬರುವ ದನಿ. ಗೊತ್ತಿಲ್ಲವೆಂದೆ. ಮೊಬೈಲ್ ತೆಗೆದು ಕೆಂಪು ಚೌಕದೊಳಗಿನ ಅಂಕಿ ತೋರಿಸಿದ. ‘ನೀನು ಆಡಿದ್ದೀಯಾ?’ ಎಂದೆ. ‘ಇಂಥದ್ದಕ್ಕೆ ಸಮಯ ಹಾಳು ಮಾಡುತ್ತಾರೆಯೇ?’ ಎಂದ. ಆಟ ಏಕೆ ಕೆಟ್ಟದ್ದು ಎಂದು ವಿವರಿಸುವ ವಿಡಿಯೊಗಳನ್ನು ಮಾತ್ರ ಒಂದೂ ಬಿಡದೆ ನೋಡಿದ್ದನಂತೆ. ಸಹೋದ್ಯೋಗಿಗಳೂ ನೋಡಿದ್ದರು. ಮೂವರೂ ಸೇರಿ ಅನ್ನ ಸಾರು ಆರುವವರೆಗೆ ಆಟದ ದೋಷಗಳನ್ನು ಪಟ್ಟಿ ಮಾಡಿದರು. ಎಷ್ಟು ಉತ್ಸಾಹ, ಎಷ್ಟು ನಗು, ಕಣ್ಣಲ್ಲಿ ಎಂಥ ಹೊಳಪು! ಆಟ ಆಡದೆಯೇ ಅದರಿಂದ ನನಗಿಂತ ಹೆಚ್ಚು ಸಂತೋಷ ಪಡೆದವರು ಅವರು. ಅವರದು ಮಾತ್ರ ಸಕ್ರಮ.

ಆ ಕೆಂಪು ಚೌಕದ ಜಾತಕವನ್ನೂ ನೋಡಿದೆ. ಮೆಟಾಕ್ರಿಟಿಕ್ ಎಂಬ ತಾಣ ಬೇರೆಬೇರೆ ವಿಮರ್ಶಕರ ಅಂಕಗಳನ್ನು ಕೂಡಿ ಸರಾಸರಿ ತೆಗೆಯುತ್ತದೆ. ಅದರ ಪದ್ಧತಿಯಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು. ಗೇಮಿಗೆ ಹಸಿರು ಬೇಕಾದರೆ 75. ಸಿನಿಮಾಕ್ಕೆ 45 ಬಂದರೆ ಹಳದಿ, ಮಿಶ್ರ ಪ್ರತಿಕ್ರಿಯೆ ಎಂಬ ಗೌರವದ ಮಾತು. ಅದೇ 45 ಗೇಮಿಗೆ ಬಂದರೆ ಕೆಂಪು. ಅಂದರೆ ಅದೇ ಏಲಿಯನ್, ಅದೇ ಹಡಗು, ಅದೇ ಅಂಕ. ಸುಮ್ಮನೆ ಕುಳಿತು ನೋಡಿದರೆ ಮರ್ಯಾದಸ್ಥ, ಕೈಯಲ್ಲಿ ಗುಂಡಿ ಒತ್ತಿದರೆ ಮಾನಗೇಡಿ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು, ಬೀದಿಗೆಲ್ಲ ಪೇಡ. ಈ ಹುಡುಗರ ಮಾನದಂಡದಲ್ಲಿ ಮೌಲ್ಯಮಾಪನ ಆಗಿದ್ದರೆ ನನ್ನ ತಲೆಮಾರಿನ ಅರ್ಧ ಕರ್ನಾಟಕ ಕೆಂಪು ಚೌಕದಲ್ಲಿ ಕೂತಿರುತ್ತಿತ್ತು.

ನಗೆಯಲ್ಲ, ಇದರ ಮೇಲೆ ಸಂಬಳವೂ ನಿಂತಿದೆ. ‘ಫಾಲ್‌ಔಟ್: ನ್ಯೂ ವೆಗಾಸ್’ ಎಂಬ ಇನ್ನೊಂದು ಆಟವನ್ನು ಮಾಡಿದ ಅಬ್ಸಿಡಿಯನ್ ಕಂಪನಿಗೆ ಇದೇ ತಾಣದಲ್ಲಿ 85 ಬಂದರೆ ಬೋನಸ್ ಎಂಬ ಒಪ್ಪಂದವಿತ್ತು. ಬಂದದ್ದು 84. ಕಂಪನಿಯವರೇ 2012ರಲ್ಲಿ ಹೇಳಿಕೊಂಡ ಸಂಗತಿ. ಒಂದು ಅಂಕಕ್ಕೆ ಮರುಎಣಿಕೆಗೆ ಹಾಕಲು, ಉತ್ತರಪತ್ರಿಕೆಯ ನಕಲು ಪ್ರತಿ ತರಿಸಲು, ಮಲ್ಲೇಶ್ವರದ ಪರೀಕ್ಷಾ ಮಂಡಳಿಯ ಮುಂದೆ ಅಪ್ಪನನ್ನು ನಿಲ್ಲಿಸಲು ಅವರಿಗೆ ಅವಕಾಶವಿರಲಿಲ್ಲ. ನಮ್ಮವರೇ ಜಾಣರು. ಬೆಂಗಳೂರಿನಲ್ಲಿ ನ್ಯಾಯಾಲಯದಿಂದ ಆದೇಶ ತಂದು ಟಿಕೆಟ್ ಆ್ಯಪಿನಲ್ಲಿ ಕನ್ನಡ ಚಿತ್ರದ ರೇಟಿಂಗನ್ನೇ ಮುಚ್ಚಿಸಿದ ಉದಾಹರಣೆ ಇದೆ. ಪರೀಕ್ಷೆ ಕಷ್ಟವಾದರೆ ಓದಬೇಕು ಎಂಬುದು ಹಳೆಯ ಮಾತು; ಪರೀಕ್ಷೆಗೇ ತಡೆಯಾಜ್ಞೆ ತರುವುದು ರಾಜಧಾನಿಯ ಮಾತು.

ನನ್ನ ಸಂತೋಷದ ಕಾನೂನು ಸ್ಥಿತಿ ಏನು ಎಂದು ಯೋಚಿಸುತ್ತ ಹೋದಾಗ ಹೊಳೆದದ್ದು ಬಿ ಖಾತಾ. ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ, ಹೊರಗಿನ ಪುಣ್ಯವಂತರಿಗೆ ಹೇಳುತ್ತೇನೆ. ನಿಯಮದಂತೆ ಎದ್ದ ಕಟ್ಟಡಕ್ಕೆ ಎ ಖಾತಾ; ನಿಯಮ ಮೀರಿ ಎದ್ದದ್ದು ಇಲ್ಲಿ ಬಿ ವಹಿಯಲ್ಲಿ ದಾಖಲಾಗುತ್ತದೆ. ಅದರಲ್ಲಿ ವಾಸಿಸಬಹುದು, ತೆರಿಗೆ ಕಟ್ಟಬಹುದು, ಕಟ್ಟಲೇಬೇಕು. ಆದರೆ ಬ್ಯಾಂಕಿನವರು ಸಾಲ ಕೊಡಲು ಮುಖ ಸಿಂಡರಿಸುತ್ತಾರೆ. ಮದುವೆ ಮಾತುಕತೆಯಲ್ಲಿ ಮನೆ ಇದೆ ಎಂದು ಹೇಳಿ, ಖಾತೆಯ ಪ್ರಶ್ನೆ ಬಂದಾಗ ಕಾಫಿ ತರಲು ಎದ್ದು ಹೋಗಬೇಕು. ಕಡಿಮೆ ಅಂಕದ ಆಟವಾಡಿ ಪಡೆದ ಸುಖವೂ ಹೀಗೆಯೇ. ಅನುಭವಿಸಬಹುದು, ಕರೆಂಟು ಬಿಲ್ಲೂ ಬರುತ್ತದೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂತಿಲ್ಲ.

ಆದ್ದರಿಂದ ಸರ್ಕಾರ ಈಗಲಾದರೂ ಅಕ್ರಮ ಸಂತೋಷ ಸಕ್ರಮ ಯೋಜನೆಯನ್ನು ತರಬೇಕೆಂದು ಕೋರುತ್ತೇನೆ. ಅರ್ಜಿದಾರನು ತಾನು ಖುಷಿಪಟ್ಟ ವಸ್ತುವಿನ ಹೆಸರು, ಅದಕ್ಕೆ ತಜ್ಞರು ಕೊಟ್ಟ ಅಂಕ, ತಾನು ಖುಷಿಪಟ್ಟ ಸಮಯ ಇವನ್ನು ನಿಗದಿತ ನಮೂನೆಯಲ್ಲಿ ಭರ್ತಿ ಮಾಡಿ, ಖುಷಿಪಡುತ್ತಿರುವಾಗ ತೆಗೆದ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರದ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ ಮಾಡಿಸತಕ್ಕದ್ದು. ನಗು ಹಲ್ಲು ಕಾಣುವಷ್ಟಿದ್ದರೆ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ) ಉಲ್ಲಂಘನೆ ಎಂದು ಪರಿಗಣಿಸಲಾಗುವುದು. ಅಕ್ಕಪಕ್ಕದ ಮನೆಯವರಿಂದ ನಿರಾಕ್ಷೇಪಣಾ ಪತ್ರ ಕಡ್ಡಾಯ. ಕೌಂಟರ್ ನಾಲ್ಕರಲ್ಲಿ ಸರ್ವರ್ ಇಲ್ಲ, ನಾಳೆ ಬನ್ನಿ.

ಇದರಲ್ಲೂ ನನಗೊಂದು ತೊಡಕಿದೆ. ಕಟ್ಟಡಗಳ ಅಕ್ರಮ ಸಕ್ರಮದ ನಿಯಮದಲ್ಲಿ ವಸತಿ ಕಟ್ಟಡಕ್ಕೆ ಶೇ 50ರವರೆಗಿನ ಉಲ್ಲಂಘನೆಗೆ ಮಾತ್ರ ವಿನಾಯಿತಿ. ನನ್ನ ಆಟ ನೂರಕ್ಕೆ ಐವತ್ತನ್ನೂ ಮುಟ್ಟಿಲ್ಲ. ಅಂದರೆ ಉಲ್ಲಂಘನೆ ಅರ್ಧಕ್ಕಿಂತ ಹೆಚ್ಚು. ಜೆಸಿಬಿ ತಂದು ಒಡೆಯುವುದೊಂದೇ ದಾರಿ. ಸಮಾಧಾನವೆಂದರೆ ಆ ಯೋಜನೆಗೇ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೀಗಾಗಿ ಸಕ್ರಮವೂ ಆಗದೆ, ನೆಲಸಮವೂ ಆಗದೆ, ಊರಿನ ಲಕ್ಷಾಂತರ ಮನೆಗಳ ಜೊತೆ ನಾನೂ ಆರಾಮವಾಗಿದ್ದೇನೆ.

ಇಷ್ಟರಲ್ಲಿ ಆಟದ ಕಥೆಗೆ ಒಂದು ತಿರುವು ಬಂತು. ಸುದ್ದಿಯಾದದ್ದು 2018ರಲ್ಲೇ, ನಮ್ಮ ಮನೆಗೆ ತಲುಪಲು ತಡವಾಯಿತು. ಆಟದ ಜೊತೆ ಒಂದು ಸಾದಾ ಪಠ್ಯ ಕಡತವಿರುತ್ತದೆ, ಯಾರು ಬೇಕಾದರೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ಏಲಿಯನ್‌ಗಳನ್ನು ಕಾಳಗದ ಬೇರೆಬೇರೆ ಜಾಗಗಳಿಗೆ ಹಂಚಿ ಕಟ್ಟಿಹಾಕುವ ಆಜ್ಞೆಯ ಸಾಲು ಅದರೊಳಗಿದೆ. ಆ ಸಾಲಿನಲ್ಲಿ ‘ಟೆದರ್’ ಎಂದಿರಬೇಕಾದ ಕಡೆ ಇಂಗ್ಲಿಷಿನ ‘ಎ’ ಅಕ್ಷರವೊಂದು ಹೆಚ್ಚಾಗಿ ಸೇರಿಕೊಂಡಿತ್ತು. ಅಂಥ ಹೆಸರಿನ ಆಜ್ಞೆ ಯಂತ್ರಕ್ಕೆ ಸಿಗಲಿಲ್ಲ. ಸಿಗಲಿಲ್ಲವೆಂದು ಯಾರಿಗೂ ಹೇಳದೆ ಕೆಲಸ ಮುಂದುವರಿಸಿತು. ಅದಕ್ಕೂ ಸರ್ಕಾರಿ ಕಚೇರಿಯ ತರಬೇತಿ ಆಗಿರಬೇಕು. ವರ್ಷಗಟ್ಟಲೆ ಜಗತ್ತೆಲ್ಲ ಈ ಪ್ರಾಣಿಗಳ ಬುದ್ಧಿಯನ್ನು ಗೇಲಿ ಮಾಡಿದ ಮೇಲೆ, ಆಟಗಳನ್ನು ತಿದ್ದುವ ಹವ್ಯಾಸಿಯೊಬ್ಬ ಆ ಅಕ್ಷರವನ್ನು ಅಳಿಸಿ ನೋಡಿದ. ಏಲಿಯನ್‌ಗಳು ಚದುರಿದವು, ಪಕ್ಕದಿಂದ ಸುತ್ತುವರಿದವು, ಬೆನ್ನ ಹಿಂದೆ ಬಂದವು. ಆಟ ರತ್ನವೇನೂ ಆಗಲಿಲ್ಲ. ಪ್ರಾಣಿಗಳಿಗೆ ಮಾತ್ರ ಬುದ್ಧಿ ಬಂತು. ಹೆಚ್ಚಿಗೆ ಬಿದ್ದಿದ್ದ ಆ ಒಂದು ಅಕ್ಷರವನ್ನು ವಿಮರ್ಶಕರಾಗಲಿ, ನ್ಯಾಯಾಲಯಕ್ಕೆ ಹೋದವರಾಗಲಿ, ಆಟ ಮಾಡಿದವರಾಗಲಿ ಓದಿರಲಿಲ್ಲ. ಅಂಕ ಮಾತ್ರ ಎಲ್ಲರೂ ಓದಿದ್ದರು.

ಸುದ್ದಿ ತಿಳಿದ ಅಣ್ಣನ ಮಗ ಕೆಲಸದ ದಿನವೇ ಮೆಟ್ರೊ ಹತ್ತಿ ಬಂದ. ಬೂಟು ಬಿಚ್ಚುವ ಮೊದಲೇ ಕಂಪ್ಯೂಟರಿನ ಮುಂದೆ ಕೂತ. ಕಡತ ತೆರೆದು ಅಕ್ಷರ ಅಳಿಸಿ, ‘ಈಗ ಆಡಿ ಚಿಕ್ಕಪ್ಪ. ಇನ್ನು ಯಾರಿಗೂ ನಾಚಿಕೆಪಡಬೇಕಾಗಿಲ್ಲ. ಈಗ ಇದು ಆಡುವಂತಿದೆ ಎಂದು ಎಲ್ಲರೂ ಬರೆದಿದ್ದಾರೆ’ ಎಂದ. ನನ್ನ ಬಿ ಖಾತಾ ನನ್ನ ಕಣ್ಣೆದುರಿಗೇ ಎ ಖಾತಾ ಆಯಿತು. ಅವನ ಮುಖದಲ್ಲಿ ಕಂದಾಯ ಅಧಿಕಾರಿಯ ಕೃಪೆ ಹೊಳೆಯಿತು. ಚಿಕ್ಕಮ್ಮನ ಕೈಯ ಉಪ್ಪಿಟ್ಟು ತಿಂದು, ಅದಕ್ಕೆ ಅಂಕ ಕೊಡದೆ, ಹೊರಟುಹೋದ.

ಆಡಿದೆ. ಮೊದಲ ಏಲಿಯನ್ ಎದುರಿಗೆ ಬಂದಿತು. ಅದನ್ನು ಹೊಡೆಯುವಷ್ಟರಲ್ಲಿ ಎರಡನೆಯದು ಎಡಗಡೆಯಿಂದ ಹಾರಿತು, ಮೂರನೆಯದು ಎಲ್ಲಿಂದ ಬಂತೆಂದು ತಿಳಿಯುವ ಮೊದಲೇ ಸತ್ತಿದ್ದೆ. ಮತ್ತೆ ಆಡಿದೆ, ಮತ್ತೆ ಸತ್ತೆ. ಗೌರವಾನ್ವಿತ ಆಟದಲ್ಲಿ ನನಗೆ ಬಾಗಿಲು ದಾಟಲೂ ಆಗಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕನ್ನಡಕ ಹುಡುಕಿಕೊಂಡು, ಅದೇ ಕಡತ ತೆರೆದು, ಅದೇ ಸಾಲಿನಲ್ಲಿ ಆ ‘ಎ’ ಅಕ್ಷರವನ್ನು ಇದ್ದ ಜಾಗದಲ್ಲೇ ಮತ್ತೆ ಸೇರಿಸಿದೆ. ಏಲಿಯನ್ ನೆಟ್ಟಗೆ ಓಡಿಬಂದು, ಎದುರಿಗೆ ನಿಂತು, ಬಾಲ ಅಲ್ಲಾಡಿಸಿತು.

ಭಾನುವಾರ ಹುಡುಗರು ಮತ್ತೆ ಊಟಕ್ಕೆ ಬರುತ್ತಾರೆ. ಅಷ್ಟರೊಳಗೆ ಅಕ್ಷರ ಅಳಿಸಿಡಬೇಕು. ಅವರು ಹೋದ ಮೇಲೆ ಹಾಕಿಕೊಂಡರಾಯಿತು. ಪಾಲಿಕೆಯವರು ತಪಾಸಣೆಗೆ ಬರುವ ದಿನ ನಾಲ್ಕನೆಯ ಮಹಡಿಯ ಮೆಟ್ಟಿಲಿಗೆ ಬೀರು ಅಡ್ಡ ಇಡುವ ನಮ್ಮ ಪಕ್ಕದ ಬೀದಿಯ ಕಟ್ಟಡದ ಮಾಲೀಕರು ಇದಕ್ಕೆ ಬೇಕಾದ ಸಲಹೆಯನ್ನೆಲ್ಲ ಕೊಟ್ಟಿದ್ದಾರೆ.