ಏಳಿಸು ದೇವರೇ

ವಯಸ್ಸಾದಂತೆಲ್ಲ ನನ್ನ ಪ್ರಾರ್ಥನೆ ಗಿಡ್ಡವಾಗುತ್ತ ಬಂದಿದೆ. ಯೌವನದಲ್ಲಿ ಅದು ಪುಟಗಟ್ಟಲೆ ಇತ್ತು: ಕೆಲಸ ಸಿಗಲಿ, ಸಿಕ್ಕಿದ ಕೆಲಸದಲ್ಲಿ ಬಡ್ತಿ ಸಿಗಲಿ, ಬಡ್ತಿ ತಪ್ಪಿಸಿದ ಮೇಲಧಿಕಾರಿಗೆ ದೂರದೂರಿಗೆ ವರ್ಗವಾಗಲಿ, ಮಕ್ಕಳಿಗೆ ಬುದ್ಧಿ ಬರಲಿ. ಈಗ ಉಳಿದಿರುವುದು ಒಂದೇ ಪದ: "ಏಳಿಸು". ಅದನ್ನು ಹೇಳುವುದೂ ಹೂವಿನ ಪಾತಿಯ ನಡುವೆ, ಕೈಯಲ್ಲಿ ಒಂದು ಹಿಡಿ ಕಳೆ ಹಿಡಿದುಕೊಂಡು, ಮೊಣಕಾಲೂರಿ ಕುಳಿತಾಗ. ಕೆಳಗೆ ಕೂರುವುದು ಗುರುತ್ವಾಕರ್ಷಣೆಯ ಖಾತೆಗೆ ಸೇರಿದ್ದು, ಅದಕ್ಕೆ ಯಾರ ಶಿಫಾರಸೂ ಬೇಡ. ಏಳುವುದು ಮಾತ್ರ ಮೇಲಿನವನ ಖಾತೆ.

ಮೊಣಕಾಲಿನ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ, ಆದ್ದರಿಂದ ಸವೆದದ್ದು ಮತ್ತೆ ತುಂಬಿಕೊಳ್ಳುವುದು ಕಷ್ಟ ಎಂದು ವೈದ್ಯರು ವಿವರಿಸಿದರು. ನನ್ನ ಮಗನಿಗಿಂತ ಚಿಕ್ಕವರು. ಇಂಥ ಸುದ್ದಿಯನ್ನು ಅಷ್ಟೊಂದು ಉತ್ಸಾಹದಿಂದ ಹೇಳುವ ಅಗತ್ಯವೇನಿತ್ತೋ! ಗುಲಾಬಿಯ ಟೊಂಗೆ ಕತ್ತರಿಸಿದರೆ ಕೆಲವೇ ವಾರಗಳಲ್ಲಿ ಹೊಸ ಚಿಗುರು ಬರುತ್ತದೆ. ಆ ವಿದ್ಯೆಯನ್ನು ಗುಲಾಬಿಗೆ ಕೊಟ್ಟ ಸೃಷ್ಟಿಕರ್ತ ಮೊಣಕಾಲಿಗೆ ಏಕೆ ಕೊಡಲಿಲ್ಲ ಎಂಬುದು ನನ್ನ ಮತ್ತು ಅವನ ನಡುವೆ ಇನ್ನೂ ಇತ್ಯರ್ಥವಾಗದ ವ್ಯಾಜ್ಯ.

ಒಂದು ಸಂಜೆ ಹೀಗೆಯೇ ಕೀಲು ಹಿಡಿದುಕೊಂಡಿತ್ತು. ಕಣ್ಣು ಮುಚ್ಚಿ "ಏಳಿಸು, ಏಳಿಸು" ಎಂದು ತುಟಿ ಅಲ್ಲಾಡಿಸುತ್ತಿದ್ದಾಗ ಬೇಲಿಯ ಆಚೆ ಪಕ್ಕದ ಮನೆಯ ಹುಡುಗನ ನೆರಳು ಕಂಡಿತು. ಪ್ರಾರ್ಥನೆ ಫಲಿಸಿತು, ಎರಡು ಗಟ್ಟಿ ಕೈಗಳು ಬಂದವು ಎಂದುಕೊಂಡೆ. ಹುಡುಗ, "ಧ್ಯಾನದಲ್ಲಿದ್ದೀರಾ ಅಜ್ಜ? ಕ್ಷಮಿಸಿ" ಎಂದು ಪಿಸುಗುಟ್ಟಿ, ಸದ್ದಾಗದಂತೆ ತುದಿಗಾಲಲ್ಲಿ ಹಿಂದೆ ಸರಿದು ಹೊರಟೇ ಹೋದ. ಈಗಿನ ಮಕ್ಕಳಿಗೆ ಸಂಸ್ಕಾರವಿಲ್ಲ ಎಂದು ದೂರುವವರನ್ನು ಒಮ್ಮೆ ನನ್ನ ಪಾತಿಯಲ್ಲಿ ಕೂರಿಸಬೇಕು.

ಇಷ್ಟಕ್ಕೂ ಕಳೆ ಎಂದಾದರೂ ಮುಗಿಯುವ ಬಾಬತ್ತೇ? ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯವಿಜ್ಞಾನಿಯನ್ನೂ ಈ ಪ್ರಶ್ನೆ ಕಾಡಿತ್ತು. ಕಳೆಯ ಬೀಜಗಳು ಮಣ್ಣಿನೊಳಗೆ ಎಷ್ಟು ಕಾಲ ಜೀವ ಹಿಡಿದಿರುತ್ತವೆ ಎಂದು ನೋಡಲು ಅವರು 1879ರಲ್ಲಿ 20 ಬಾಟಲಿಗಳಲ್ಲಿ ಮರಳಿನೊಂದಿಗೆ ಬೀಜ ಬೆರೆಸಿ ಹೂತಿಟ್ಟರು. ಐದು ವರ್ಷಕ್ಕೊಂದು ತೆಗೆಯುವುದೆಂದು ಲೆಕ್ಕ. ಕೆಲವು ಬೀಜಗಳ ಹಟ ನೋಡಿ ಮುಂದಿನವರು ಅದನ್ನು ಹತ್ತು ವರ್ಷಕ್ಕೆ, ಆಮೇಲೆ ಇಪ್ಪತ್ತಕ್ಕೆ ಏರಿಸಿದರು. ಬೀಲ್ 1924ರಲ್ಲಿ ತೀರಿಕೊಂಡರು. ಬೀಜಗಳಿಗೆ ಆ ಸುದ್ದಿ ತಲುಪಲಿಲ್ಲ. 2021ರಲ್ಲಿ, ಬೆಳಕು ಸೋಕದಂತೆ ರಾತ್ರಿಯ ಹೊತ್ತು ಅಗೆದು ತೆಗೆದ ಬಾಟಲಿಯ ಬೀಜಗಳಲ್ಲೂ ಕೆಲವು ಮೊಳೆತವು. ಕೊನೆಯ ಬಾಟಲಿಗೆ 2100ರವರೆಗೆ ಬಿಡುವು. ನೂರನಲವತ್ತು ವರ್ಷ ಮಲಗಿದ್ದ ಕಳೆ ನೀರು ಸೋಕಿದೊಡನೆ ಎದ್ದು ನಿಲ್ಲುತ್ತದೆ. ಎಪ್ಪತ್ತೆರಡರ ನಾನು ಹತ್ತು ನಿಮಿಷ ಕೂತರೆ ಏಳಲಾರೆ.

ಬೇಡಿಕೆಯ ವಿಚಾರದಲ್ಲಿ ನನಗೆ ಪೈಪೋಟಿಯೂ ಇದೆ. ದಾಸವಾಳಕ್ಕೆ ಹಿಟ್ಟು ತಿಗಣೆ ಮುತ್ತಿತ್ತು. ಅದು ರಸ ಹೀರಿ ಹೊರಹಾಕುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದನ್ನು ಕಾವಲು ಕಾಯುತ್ತವೆ, ಶತ್ರು ಕೀಟಗಳನ್ನು ಓಡಿಸುತ್ತವೆ. ದೇವರ ಹೆಸರು ಹೇಳಿ ಸಾಬೂನು ನೀರು ಚಿಮುಕಿಸಿದೆ. ಆ ಕ್ಷಣಕ್ಕೇ ಗಾಳಿ ತಿರುಗಿ ನೀರೆಲ್ಲ ನನ್ನ ಮುಖಕ್ಕೆ ಬಡಿಯಿತು. ಕನ್ನಡಕ ಸ್ವಚ್ಛವಾಯಿತು, ತಿಗಣೆಗಳು ಇನ್ನಷ್ಟು ಸ್ಪಷ್ಟವಾಗಿ ಕಂಡವು. ಇರುವೆಗಳೂ ಪ್ರಾರ್ಥಿಸುತ್ತವೆಯೋ ಏನೋ. ಹಾಗಿದ್ದರೆ ಬಹುಮತ ಅವುಗಳದೇ.

ಎರೆಹುಳುಗಳ ಜೊತೆ ಮಾತ್ರ ನನಗೆ ಜಗಳವಿಲ್ಲ. 1881ರಲ್ಲಿ, ನನ್ನದೇ ಎಪ್ಪತ್ತೆರಡರ ವಯಸ್ಸಿನಲ್ಲಿ, ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಅವುಗಳಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಸಿಳ್ಳೆ ಊದಿಸಿದರು, ಬಸೂನ್ ಎಂಬ ದಪ್ಪ ದನಿಯ ವಾದ್ಯವನ್ನು ನುಡಿಸಿದರು. ಹುಳುಗಳು ಕ್ಯಾರೇ ಎನ್ನಲಿಲ್ಲ. ಆದರೆ ಅವುಗಳಿದ್ದ ಕುಂಡವನ್ನು ಪಿಯಾನೋದ ಮೇಲಿಟ್ಟು ಸ್ವರ ಒತ್ತಿದೊಡನೆ ಕಂಪನ ತಿಳಿದು ಬಿಲದೊಳಗೆ ಸೇರಿಕೊಂಡವು. ನನ್ನ ಸ್ಥಿತಿಯೂ ಅದೇ. ಹೆಂಡತಿ ಒಳಗಿನಿಂದ ಎಷ್ಟು ಕೂಗಿದರೂ ಕೇಳುವುದಿಲ್ಲ. ಅವಳ ಹೆಜ್ಜೆ ಜಗಲಿಯ ಮೇಲೆ ಬಿದ್ದರೆ ಮಾತ್ರ ನೆಲದ ಕಂಪನದಿಂದಲೇ ತಿಳಿದು ಮಲ್ಲಿಗೆಯ ಪೊದೆಯ ಹಿಂದೆ ಸೇರಿಕೊಳ್ಳುತ್ತೇನೆ.

ಮೊನ್ನೆ ಮಾವಿನ ಗೊರಟು ನೆಡಲು ಹೊರಟೆ. ಅದೇ ಸಂಸ್ಕಾರವಂತ ಹುಡುಗ ಬಂದು ನಿಂತ. "ಗೊರಟಿನಿಂದ ಬಂದ ಮರ ಹಣ್ಣು ಬಿಡಲು ತುಂಬ ವರ್ಷ ಬೇಕು ಅಜ್ಜ. ಕಸಿ ಗಿಡವಾದರೆ ಮೂರು ನಾಲ್ಕು ವರ್ಷ ಸಾಕು. ನಿಮಗೆ..." ಎಂದು ತಡವರಿಸಿ, "ನಿಮಗೆ ಕಸಿಯೇ ಒಳ್ಳೆಯದು" ಎಂದ. ಮನಸ್ಸಿನೊಳಗೇ ನನ್ನ ಆಯುಷ್ಯವನ್ನು ಕೂಡಿ ಕಳೆದು, ಉತ್ತರವನ್ನು ಅಷ್ಟು ಮೃದುವಾಗಿ ಹೇಳಿದ್ದ. ನನಗೆ ನಿಜಕ್ಕೂ ಅವನ ಮೇಲೆ ಪ್ರೀತಿ ಬಂತು.

ಇಲ್ಲಿ ನನ್ನ ನಂಬಿಕೆ ಎಷ್ಟು ಗಟ್ಟಿ ಎಂಬುದೂ ಬಯಲಾಯಿತು. ಗೊರಟು ನೆಡುವುದು ಭಗವಂತನ ಮೇಲಿನ ಭರವಸೆ. ಕಸಿ ನೆಡುವುದು ಹುಡುಗನ ಗಣಿತದ ಮೇಲಿನ ಭರವಸೆ. ಇಬ್ಬರನ್ನೂ ಎದುರು ಹಾಕಿಕೊಳ್ಳುವ ವಯಸ್ಸು ನನ್ನದಲ್ಲ. ಎರಡನ್ನೂ ನೆಡುವುದೆಂದು ತೀರ್ಮಾನಿಸಿ ಹುಡುಗನಿಂದಲೇ ಗುಂಡಿ ತೋಡಿಸಿದೆ. ತೋಟದ ಕಸ ಹಾಕಿ ಕೊಳೆಸಲು ಮೂಲೆಯಲ್ಲಿ ಇನ್ನೊಂದನ್ನೂ ಅಗೆಸಿದೆ. ಹುಡುಗ ಉತ್ಸಾಹಿ, ಅದು ತುಸು ಉದ್ದವೇ ಆಯಿತು.

ಸಂಜೆ ಹೆಂಡತಿ ಬಂದು ನೋಡಿದಳು. ನಾನು ಪೊದೆಯ ಹಿಂದಿನಿಂದ ಹೊರಬಂದೆ.

"ಇದು ಗೊರಟಿಗೆ, ಇದು ಕಸಿಗೆ. ಮೂಲೆಯಲ್ಲಿರುವ ಆ ಉದ್ದದ್ದು ಯಾರಿಗೆ ರೀ?"

"ಗೊಬ್ಬರಕ್ಕೆ" ಎಂದೆ.

ಅವಳು ಗುಂಡಿಯನ್ನೊಮ್ಮೆ, ನನ್ನನ್ನೊಮ್ಮೆ ಅಳೆಯುವಂತೆ ನೋಡಿದಳು. "ಸರಿ, ಅವಸರವೇನಿಲ್ಲ" ಎಂದು ಒಳಗೆ ಹೋದಳು.