ಪುಟಕ್ಕೆ ಇಷ್ಟು ಪೈಸೆ

ಹೆಸರೇ ಕೇಳದ ಲೇಖಕರನ್ನು ಓದಬೇಕು ಅಂತ ಆಸೆ ಇದ್ಯಾ? ಪುಸ್ತಕದಂಗಡಿಗೆ ಹೋಗಬೇಡಿ. ಅಲ್ಲಿ ಎದುರಿಗೇ ಜೋಡಿಸಿಟ್ಟಿರುವುದು ನಿಮ್ಮ ಅಜ್ಜಿ ಓದಿ ಅತ್ತಿದ್ದ ಕಾದಂಬರಿಗಳ ಹೊಸ ಮುದ್ರಣ, ಪಕ್ಕದಲ್ಲಿ ಇಂಗ್ಲಿಷಿನಿಂದ ಇಳಿಸಿದ ಶ್ರೀಮಂತರಾಗುವ ವಿದ್ಯೆ. ಹೊಸಬರು ಬೇಕಾದರೆ ಸರ್ಕಾರಿ ಗ್ರಂಥಾಲಯಕ್ಕೆ ಹೋಗಿ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೊದಲು ವಿಚಾರಿಸಿಕೊಳ್ಳಿ.

ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆ ಜೊತೆಗೆ ಅದರ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಆ ದುಡ್ಡಿನ ಬಲದ ಮೇಲೇ ಗ್ರಂಥಾಲಯ ಇಲಾಖೆ ಪ್ರಕಾಶಕರಿಂದ ಪುಸ್ತಕಗಳ ಸಗಟು ಖರೀದಿ ಮಾಡುವುದು. ಅಂದರೆ ಈ ಪುಸ್ತಕಗಳನ್ನೆಲ್ಲ ನೀವು ಆಗಲೇ ಕೊಂಡಾಗಿದೆ, ಓದಿಲ್ಲ ಅಷ್ಟೇ. ವಸೂಲಾದ ಸೆಸ್ಸನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಬೇರೆ ಕಥೆ. ಆ ಕಥೆಗೆ ಓದುಗರು ಜಾಸ್ತಿ.

ಇನ್ನು ಇಲಾಖೆ ಕೊಡುವ ಬೆಲೆ. ಅದನ್ನು ಪುಟದ ಲೆಕ್ಕದಲ್ಲಿ ಕಟ್ಟುತ್ತಾರೆ. ಪುಸ್ತಕದ ಅಳತೆ ಡೆಮಿ 1/8 ಆದರೆ ಪುಟಕ್ಕೆ ಇಷ್ಟು ಪೈಸೆ, ಕ್ರೌನ್ 1/8 ಆದರೆ ಇಷ್ಟು. ಒಳಗೆ ಏನಿದೆ ಅನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಕಾದಂಬರಿಕಾರ ಪುಟಕ್ಕೆ ಮೂವತ್ತು ಸಾಲು ತುಂಬಿಸಿ ಕಣ್ಣು ಕೆಡಿಸಿಕೊಂಡರೂ ಅದೇ ರೇಟು, ಚುಟುಕ ಬರೆಯುವವರು ನಾಲ್ಕು ಸಾಲು ಹಾಕಿ ಉಳಿದದ್ದನ್ನು ಖಾಲಿ ಬಿಟ್ಟರೂ ಅದೇ ರೇಟು. ಚಿಕ್ಕದಾಗಿ ಚೊಕ್ಕವಾಗಿ ಬರೆಯುವವನಿಗೆ ನಷ್ಟ. ಮುನ್ನುಡಿ, ಬೆನ್ನುಡಿ, ಆಶಯ ನುಡಿ, ಪ್ರಕಾಶಕರ ಮಾತು, ಲೇಖಕರ ಮಾತು, ಅರ್ಪಣೆಗೊಂದು ಪೂರ್ತಿ ಪುಟ ಯಾಕಿರುತ್ತದೆ ಅಂತ ಈಗ ಗೊತ್ತಾಯ್ತಲ್ವಾ?

ಈ ವಿದ್ಯೆಯಲ್ಲಿ ವ್ಯಕ್ತಿತ್ವ ವಿಕಸನದವರನ್ನು ಮೀರಿಸುವವರಿಲ್ಲ. ಪ್ರತಿ ಅಧ್ಯಾಯದ ಕೊನೆಗೆ ‘ನಿಮ್ಮ ಗುರಿಗಳನ್ನು ಇಲ್ಲಿ ಬರೆಯಿರಿ’ ಅಂತ ಒಂದು ಸಾಲು, ಕೆಳಗೆ ಪುಟದ ತುಂಬ ಚುಕ್ಕಿಗೆರೆ. ಬರೆಯಬೇಕಾದವರು ನಾವು, ಪುಟದ ದುಡ್ಡು ಅವರಿಗೆ! ಆದರೆ ಪಾಪ, ಆ ದುಡ್ಡೂ ಸುಲಭಕ್ಕೆ ಕೈಗೆ ಬರುವುದಿಲ್ಲ. ಆಯ್ಕೆ ಪಟ್ಟಿ ಹೊರಬೀಳುವಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ಸಮಯ ಪಾಲನೆಯ ಬಗ್ಗೆ ಬರೆದವನೂ ಕಾಯುತ್ತಾನೆ, ಬೇಗ ಹಣ ಮಾಡುವುದು ಹೇಗೆ ಅಂತ ಬರೆದವನೂ ಬಿಲ್ ಹಿಡಿದು ಅವನ ಹಿಂದೆಯೇ ನಿಂತಿರುತ್ತಾನೆ.

ಈ ಏರ್ಪಾಡಿನಲ್ಲಿ ಲೇಖಕನಿಗೆ ಜಾಗ ಇದೆ, ಪ್ರಕಾಶಕನಿಗೆ ಇದೆ, ಆಯ್ಕೆ ಸಮಿತಿಗೆ ಇದೆ. ಬಿಡುಗಡೆ ದಿನ ‘ಪುಸ್ತಕ ಪೂರ್ತಿ ಓದಲು ಆಗಲಿಲ್ಲ, ಆದರೂ’ ಅಂತ ಶುರು ಮಾಡಿ ಮುಕ್ಕಾಲು ಗಂಟೆ ಮಾತಾಡುವ ಮುಖ್ಯ ಅತಿಥಿಗೂ ಇದೆ. ಓದುಗ ಬರದಿದ್ದರೆ ಯಾರಿಗೂ ತೊಂದರೆ ಇಲ್ಲ. ಬಂದರೇ ಕಷ್ಟ, ಬೀಗ ತೆಗೆಯಬೇಕು.

ಹಾಗಂತ ಅಲ್ಲಿರುವುದೆಲ್ಲ ಜೊಳ್ಳು ಅಂದುಕೊಳ್ಳಬೇಡಿ, ಹೊಟ್ಟೆ ಉರಿಯುವುದೇ ಅದಕ್ಕೆ. ಬಯಲುಸೀಮೆಯಲ್ಲಿ ಬೋರ್‌ವೆಲ್ ಲಾರಿ ಹಿಂದೆ ಅಲೆಯುವವರ ಕಥೆಗಳ ಒಂದು ಸಂಕಲನ ನನಗೆ ಸಿಕ್ಕಿದ್ದು ಇಂಥದ್ದೇ ಬೀರುವಿನಲ್ಲಿ. ಏಳುನೂರು ಅಡಿಗೂ ನೀರು ಬಾರದಿದ್ದಾಗ ರೈತನ ಮುಖ ನೋಡಲಾಗದೆ ಡ್ರಿಲ್ಲರ್ ಸುಮ್ನೆ ಬೀಡಿ ಹುಡುಕುತ್ತಾ ನಿಲ್ಲುವ ಒಂದು ಜಾಗ ಇದೆ ಅದರಲ್ಲಿ. ದೊಡ್ಡ ಹೆಸರಿನವರು ಬರೆದಿದ್ದರೆ ಅದರ ಮೇಲೆ ವಿಚಾರ ಸಂಕಿರಣ ಆಗಿರುತ್ತಿತ್ತು. ಇದರ ಹಾಳೆಗಳು ಇನ್ನೂ ಅಂಟಿಕೊಂಡಿದ್ದವು.

ಅದರ ಪಕ್ಕದಲ್ಲಿದ್ದ ಚುಕ್ಕಿಗೆರೆಯ ಪುಸ್ತಕವನ್ನು ಮಾತ್ರ ಯಾರೋ ಬಳಸಿದ್ದರು. ‘ನಿಮ್ಮ ಗುರಿಗಳು’ ಅನ್ನುವ ಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಎಫ್‌ಡಿಎ ಪರೀಕ್ಷೆಗೆ ಚಕ್ರಬಡ್ಡಿ ಲೆಕ್ಕ ಬಿಡಿಸಿದ್ದರು. ಉತ್ತರ ಸರಿ ಇತ್ತು.