ಅಸಲಿ ಕೋತಿ, ನಕಲಿ ಕೋತಿ

ಅಮೆರಿಕದ ಕೋತಿ ಕೇಸು ಗೊತ್ತಲ್ಲ? ಯುಗಾ ಲ್ಯಾಬ್ಸ್ ಎಂಬ ಕಂಪನಿಯವರು 2021ರಲ್ಲಿ ಬೇಜಾರಿನ ಮುಖದ 10,000 ಕೋತಿ ಚಿತ್ರಗಳನ್ನು ಎನ್‌ಎಫ್‌ಟಿ (ಇದು ಯಾರದು ಅಂತ ಕಂಪ್ಯೂಟರ್ ದಾಖಲೆಯಲ್ಲಿ ಬರೆದಿಡುವ ಡಿಜಿಟಲ್ ಚೀಟಿ) ಅಂತ ಮಾರಿದರು. ರೈಡರ್ ರಿಪ್ಸ್ ಎಂಬ ಕಲಾವಿದ ಅದೇ ಕೋತಿಗಳನ್ನು, ಮೂಗು ಕೂಡ ತಿದ್ದದೆ, ತನ್ನ ಎನ್‌ಎಫ್‌ಟಿ ಅಂತ ಮಾರಿದ. ಕೇಳಿದರೆ ವಿಡಂಬನೆ ಅಂದ. (ನಮ್ಮ ಕಸುಬಿನಲ್ಲಿ ಇಷ್ಟು ದುಡ್ಡಿದೆ ಅಂತ ಯಾರೂ ಹೇಳಿರಲಿಲ್ಲ.) 2022ರಲ್ಲಿ ಟ್ರೇಡ್‌ಮಾರ್ಕ್ ದಾವೆ ಬಿತ್ತು. ಕೆಳಗಿನ ಕೋರ್ಟು ರಿಪ್ಸ್‌ನದೇ ತಪ್ಪು ಅಂತು. 2025ರ ಜುಲೈನಲ್ಲಿ ಮೇಲಿನ ಕೋರ್ಟು, ಎನ್‌ಎಫ್‌ಟಿಯೂ ಸರಕೇ ಹೌದು, ಆದರೆ ಗಿರಾಕಿ ಏಮಾರುವಂತಿತ್ತೋ ಇಲ್ಲವೋ ವಿಚಾರಣೆಯಲ್ಲೇ ತೀರ್ಮಾನವಾಗಲಿ ಅಂತ ವಾಪಸ್ ಕಳಿಸಿತು.

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಈ ಗೊಂದಲವೇ ಇಲ್ಲ. ಓಬವ್ವನ ಕಿಂಡಿ ಹತ್ತಿರ ನಮ್ಮ ಭಾವನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡ ಕೋತಿ ಅಸಲಿಯೇ. ರಸೀದಿ ಮಾತ್ರ ಕೊಡಲಿಲ್ಲ.

ಕೇಸು ಹಾಕುವುದಿದ್ದರೆ ಬೆಂಗಳೂರಿನ ಗಲ್ಲಿಗಲ್ಲಿಯ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡುಗಳ ಮೇಲೆ ನಾವು ಹಾಕಬೇಕಿತ್ತು. ಕೆಲವು ಕಡೆ ಬೆಣ್ಣೆ ಇರುವುದು ಬೋರ್ಡಿನಲ್ಲಿ ಮಾತ್ರ. ಆದರೂ ದಾವಣಗೆರೆಯವನು ಹೋಗಿ, ತಿಂದು, ಚಟ್ನಿಗೆ ಹೆಸರಿಟ್ಟು, ಬಿಲ್ಲು ಕೊಟ್ಟು ಬರುತ್ತಾನೆ. ಮೊನ್ನೆ ಮಂಡಿಪೇಟೆ ಕಡೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತ ಹಳ್ಳಿಯ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ.

“ಅಲ್ಲಣ್ಣ, ಆ ಚಿತ್ರ ನಾನು ಮೊಬೈಲ್‌ಗೆ ಇಳಿಸ್ಕಂಡ್ರೆ?”

“ನಿಂದಾಗಲ್ಲ ಕಣಪ್ಪ. ದಾಖಲೆಯಾಗೆ ನಿನ್ನ ಹೆಸರಿರಲ್ಲ.”

“ಪಹಣಿ ಇದ್ದಂಗೆ ಅನ್ನು.”

ಪಹಣಿ ಇದ್ದಂಗೇ. ಹೊಲ ಇಲ್ಲ, ಅಷ್ಟೇ.

ಹೊಲ ಅಂದ ತಕ್ಷಣ ಅವನ ಮುಖ ಬಾಡಿತು. ಹೋದ ಮುಂಗಾರಿಗೆ ಮೆಕ್ಕೆಜೋಳ ಹಾಕಿದ್ದ. ಚೀಲದ ಮೇಲೆ ದೊಡ್ಡ ಕಂಪನಿ ಹೆಸರು, ಹೊಳೆಯುವ ಸ್ಟಿಕ್ಕರ್. ಅರ್ಧ ಹೊಲ ಹುಟ್ಟಲೇ ಇಲ್ಲ. ಅಂಗಡಿಯವನು ಮಳೆಯನ್ನು ಬೈದ. ಕಚೇರಿಯವರು ಚೀಲ ತಗೊಂಡು ಬಾ ಅಂದರು, ಚೀಲ ತಂದರೆ ಬಿಲ್ಲೆಲ್ಲಿ ಅಂದರು, ಬಿಲ್ಲು ತಂದರೆ ಸಾಹೇಬರು ರಜೆ. ಕೋತಿ ಚಿತ್ರ ನಕಲಾದರೆ ವಕೀಲರು ವರ್ಷಗಟ್ಟಲೆ ವಾದಿಸುತ್ತಾರೆ. ಬಿತ್ತಿದ ಬೀಜ ನಕಲಾದರೆ ಗುಮಾಸ್ತ ತಲೆ ಕೂಡ ಎತ್ತುವುದಿಲ್ಲ. ಇದಕ್ಕೆ ನನಗೆ ಜೋಕು ಹುಟ್ಟುತ್ತಿಲ್ಲ, ಕ್ಷಮಿಸಿ.

ಮೆಣಸಿನಕಾಯಿ ಆರಿ ತಣ್ಣಗಾಗಿತ್ತು. ಅವನು ಮೊಬೈಲ್ ತೆಗೆದು ಖಾಲಿ ಸಾಲುಗಳ ಫೋಟೋ ತೋರಿಸಿದ. “ಇದನ್ನ ಎನ್‌ಎಫ್‌ಟಿ ಮಾಡಿ ಮಾರಬೋದಾ ಅಣ್ಣ?”

“ಮಾರು. ಲಾಭದ ಮೇಲೆ ಶೇ. 30 ತೆರಿಗೆ ಐತೆ” ಅಂದೆ.